ಹದಿನೈದು ಲಕ್ಷ ಚುಕ್ಕಿ

ಕಳಿಸಿದ ಹತ್ತು ಚಿತ್ರಗಳಲ್ಲಿ ಹತ್ತೂ ವಾಪಸು ಬಂದ ಸಂಜೆ ಆ ಮನೆಯಲ್ಲಿ ಊಟಕ್ಕೆ ಕೂತವರು ನಾಲ್ಕು ಜನ, ಮಾತಾಡಿದವರು ಇಬ್ಬರು. ಒಬ್ಬಳು ಅಜ್ಜಿ, ಇನ್ನೊಬ್ಬಳು ಮೊಮ್ಮಗಳು.

"ಚಿತ್ರ ಅವರಿಗೆ ಹಿಡಿಸಲಿಲ್ಲವಂತಾ?" ಅಜ್ಜಿ ಕೇಳಿದಳು.

"ಹಿಡಿಸೋ ಮಾತು ಆಮೇಲೆ ಅಜ್ಜಿ. ಅವರು ಚಿತ್ರ ನೋಡೇ ಇಲ್ಲ. ಅಳತೆ ನೋಡಿ ಬಾಗಿಲಿಂದಲೇ ವಾಪಸು ಕಳಿಸಿದಾರೆ. ಒಂದು ಚಿತ್ರದಲ್ಲಿ ಕಡಿಮೆ ಅಂದ್ರೂ ನಲವತ್ತು ಲಕ್ಷ ಚುಕ್ಕಿ, ಅದೇ ಪಿಕ್ಸೆಲ್ಲು, ಇರಬೇಕಂತೆ. ನಮ್ಮದರಲ್ಲಿ ಹದಿನೈದು ಲಕ್ಷ ಇದೆ."

"ಹದಿನೈದು ಲಕ್ಷ ಸಾಲದೇನೇ? ಯಾರು ಕೂತು ಎಣಿಸಿದರು?"

ಬೇರೆ ದಿನವಾಗಿದ್ದರೆ ಈ ಮಾತಿಗೆ ಎಲ್ಲರೂ ನಗುತ್ತಿದ್ದರು. ಅವತ್ತು ಮನೆಯ ಯಜಮಾನ ತಲೆ ತಗ್ಗಿಸಿ ಹುರುಳಿಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸುತ್ತ ಕೂತಿದ್ದ. ಅವನ ಹೆಂಡತಿ ಅದನ್ನು ನೋಡಿಯೂ ನೋಡದವಳ ಹಾಗೆ ಅವನಿಗೆ ಇನ್ನೊಂದು ರೊಟ್ಟಿ ಹಾಕಿದಳು.

"ಕ್ಯಾಮೆರಾ ಹಳೇದು, ಅದರ ಯೋಗ್ಯತೆ ಅಷ್ಟೇ. ಬಿಡಿ ಅತ್ಲಾಗೆ," ಎಂದು ಅವನು ಕೈ ತೊಳೆಯಲು ಎದ್ದ. ರೊಟ್ಟಿ ತಟ್ಟೆಯಲ್ಲೇ ಉಳಿಯಿತು.

ಈ ಹೆಂಡತಿಗೆ ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಪ್ಯಾಂಟಿನ ಉದ್ದ ತಗ್ಗಿಸುವುದು, ಸೊಂಟ ಸಡಿಲಿಸುವುದು, ಹರಿದ ಜೇಬು ಬದಲಿಸುವುದು ಅವಳ ಕಸುಬು. ಗಂಡನಿಗೆ ಇಪ್ಪತ್ತೆರಡು ವರ್ಷ ಸ್ವಂತ ಸ್ಟುಡಿಯೋ ಇತ್ತು. ಎಲ್ಲರ ಜೇಬಿಗೂ ಫೋನು ಬಂದು, ಫೋನಿನೊಳಗೆ ಕ್ಯಾಮೆರಾ ಬಂದು, ಎರಡು ವರ್ಷದ ಹಿಂದೆ ಸ್ಟುಡಿಯೋ ಬಾಗಿಲು ಹಾಕಿತು. ಈಗ ಅವನು ಯಾರದೋ ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಕೂತು ಅರ್ಜಿಗೆ ಅಂಟಿಸುವ ಚಿಕ್ಕ ಫೋಟೋ ತೆಗೆಯುತ್ತಾನೆ. ಕ್ಯಾಮೆರಾ ಆ ಅಂಗಡಿಯವನದೇ. "ಗಲ್ಲ ಸ್ವಲ್ಪ ಮೇಲೆ, ಕಣ್ಣು ಮುಚ್ಚಬೇಡಿ" ಎಂಬ ಎರಡು ಮಾತು ಬಿಟ್ಟರೆ ದಿನವಿಡೀ ಅವನಿಗೆ ಮಾತಿನ ಅಗತ್ಯವೇ ಇರಲಿಲ್ಲ. ಮನೆಗೆ ಬಂದರೆ ಆ ಎರಡೂ ಇಲ್ಲ. ಸ್ವಂತ ಕ್ಯಾಮೆರಾ ಬೀರುವಿನ ಮೇಲಿನ ಖಾನೆಯಲ್ಲಿ, ಹಾಸಿಗೆ ಹೊದಿಕೆಗಳ ಹಿಂದೆ ಬಿದ್ದಿತ್ತು. ಎರಡು ವರ್ಷದಿಂದ ಅವನು ಅದನ್ನು ಮುಟ್ಟಿರಲಿಲ್ಲ.

ಹಾಗಿದ್ದ ಮನೆಗೆ ಈ ಚಿತ್ರದ ಹುಚ್ಚು ತಂದವಳು ಮಗಳು. ಅವಳು ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆದುಕೊಡುವ, ಬಂದವರನ್ನು ಕೂರಿಸುವ ಕೆಲಸದಲ್ಲಿದ್ದಳು. ಅಲ್ಲಿನ ಗೋಡೆಯ ಮೇಲೆ ಬಾಯಿತುಂಬ ನಗುವ ಒಬ್ಬ ಮುದುಕನ ದೊಡ್ಡ ಚಿತ್ರ. ಡಾಕ್ಟರ ತಂದೆಯಿರಬೇಕು ಎಂದು ಒಂದು ವರ್ಷ ಅಂದುಕೊಂಡಿದ್ದಳು. ಕೇಳಿದರೆ ಡಾಕ್ಟರು, "ಯಾರೋ ಏನೋ, ನನಗೇನು ಗೊತ್ತು? ಚಿತ್ರ ಮಾರೋ ಏಜೆನ್ಸಿಯವರಿಂದ ತಗೊಂಡದ್ದು" ಅಂದರು. ಯಾವ ದೇಶದವರು ಬೇಕಾದರೂ ಚಿತ್ರ ಕಳಿಸಬಹುದು, ಏಜೆನ್ಸಿಯವರು ಒಪ್ಪಿದರೆ ಇಟ್ಟುಕೊಂಡು ಮಾರುತ್ತಾರೆ, ಮಾರಿದ್ದರಲ್ಲಿ ತೆಗೆದವನಿಗೂ ಪಾಲು.

ಅವತ್ತು ಮಗಳು ಚಪ್ಪಲಿ ಕಳಚುವ ಮೊದಲೇ ಅಪ್ಪನ ಮುಂದೆ ನಿಂತಿದ್ದಳು. "ಅಪ್ಪಾ, ಬಿಸ್ಕತ್ತಿನ ಡಬ್ಬಿಗಳಲ್ಲಿ ನಿಮ್ಮ ಸಿ.ಡಿ.ಗಳಿವೆಯಲ್ಲ, ತೆಗೀರಿ ಹೊರಗೆ!"

ಆ ಡಬ್ಬಿಗಳಲ್ಲಿ ಇದ್ದದ್ದು ಹದಿನಾಲ್ಕು ವರ್ಷದ ಬೆಳಗುಗಳು. ಸ್ಟುಡಿಯೋ ತೆರೆಯುವ ಮುಂಚೆ ದಿನಾ ಒಂದು ಗಂಟೆ ಅವನು ಬೀದಿ ಸುತ್ತುತ್ತಿದ್ದ. ವೆಲ್ಡಿಂಗ್ ಮಾಡುವವನು, ಕೊಡೆ ರಿಪೇರಿಯವನು, ಚಪ್ಪಲಿ ಹೊಲಿಯುವವನು, ಬ್ರೆಡ್ಡಿನ ಒಲೆಗೆ ಕೈ ಹಾಕುವವನು, ಕಲ್ಲು ಕೆತ್ತುವ ಹೆಂಗಸು, ಹೀಗೆ ಕೆಲಸ ಮಾಡುವ ಜನರನ್ನೇ ತೆಗೆಯುತ್ತಿದ್ದ. ಯಾರೂ ಕೇಳಿದ್ದಲ್ಲ, ಯಾರಿಗೂ ಕೊಟ್ಟದ್ದಲ್ಲ. ಮುಖ ಕಂಡರೆ ಆ ಮುಖದವರ ಸಹಿ ಬೇಕು ಎಂದು ಏಜೆನ್ಸಿಯ ನಿಯಮವಿತ್ತು. ಅದಕ್ಕೆ ಅಪ್ಪ ಮಗಳು ಸೇರಿ ಬರೀ ಕೈಗಳಿರುವ ಹತ್ತು ಚಿತ್ರ ಆರಿಸಿದರು. ಆ ವಾರ ಅವನು ಎರಡು ಸಲ ನಕ್ಕದ್ದನ್ನು ಟೈಲರಮ್ಮ ಮಿಷನ್ ತುಳಿಯುತ್ತಲೇ ಲೆಕ್ಕವಿಟ್ಟಿದ್ದಳು. ದುಡ್ಡು ಬಂದರೆ ಬರಲಿ, ಬಿಟ್ಟರೆ ಬಿಡಲಿ. ತನ್ನ ಗಂಡ ಮತ್ತೆ ಮನುಷ್ಯನ ಹಾಗೆ ಮಾತಾಡಿದರೆ ಸಾಕು ಎನ್ನುವುದಷ್ಟೇ ಅವಳ ಆಸೆ.

ಹತ್ತೂ ವಾಪಸು ಬಂದ ಮೇಲೆ ಆ ನಗುವೂ ಹೋಯಿತು.

ಮಗಳು ಅಷ್ಟಕ್ಕೆ ಬಿಡುವವಳಲ್ಲ. ಹಟದಲ್ಲಿ ಅವಳು ಅಜ್ಜಿಯನ್ನೂ ಮೀರಿಸಿದವಳು. ಆ ಭಾನುವಾರ ಕಂಪ್ಯೂಟರಿನ ಮುಂದೆ ಕೂತು ಚಿತ್ರಗಳನ್ನು ಎಳೆದು ದೊಡ್ಡದು ಮಾಡಿದಳು. ನಲವತ್ತು ಲಕ್ಷವಲ್ಲ, ಐವತ್ತು ಲಕ್ಷ ಚುಕ್ಕಿ ಬಂತು. ಮನೆಯವರನ್ನೆಲ್ಲ ಕರೆದು ತೋರಿಸಿದಳು. ಕೊಡೆ ರಿಪೇರಿಯವನ ಬೆರಳುಗಳು ತೆರೆಯ ತುಂಬ ಹರಡಿದ್ದವು. ಉಗುರಿನ ಅಂಚೆಲ್ಲ ಕರಗಿ, ತಂತಿ ಹೊಗೆಯ ಹಾಗೆ ಕಾಣುತ್ತಿತ್ತು.

"ಕನ್ನಡಕ ಒರೆಸಿಕೊಳ್ಳಬೇಕಾ ನಾನು?" ಅಜ್ಜಿ ಕೇಳಿದಳು.

"ಇಲ್ಲಮ್ಮ, ನಿನ್ನ ಕಣ್ಣು ಸರಿ ಇದೆ," ಅಂದ ಮಗ. "ಇಲ್ಲದ ಚುಕ್ಕಿ ಎಲ್ಲಿಂದ ತರೋದು? ಹಾಲಿಗೆ ನೀರು ಬೆರೆಸಿದ ಹಾಗಾಗಿದೆ."

"ಅವರಿಗೆ ಗೊತ್ತಾಗಲ್ಲ ಅಪ್ಪಾ."

"ಗೊತ್ತಾಗುತ್ತೆ ಮಗಾ."

ಗೊತ್ತಾಯಿತು. ಒಂಬತ್ತನೆಯ ದಿನ ಉತ್ತರ ಬಂತು. ಎಳೆದು ದೊಡ್ಡದು ಮಾಡಿದ ಚಿತ್ರ, ಮಸುಕಾಗಿದೆ, ಬೇಡ. ಮಗಳು ಅದನ್ನು ಓದಿ ಹೇಳುವಾಗ ಅಜ್ಜಿ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದಳು. "ನನ್ನ ಪಟ ಕಳಿಸಿ ನೋಡ್ರೇ. ನಾನು ಅಳತೆಗೆ ಸರಿಯಾಗಿದೀನಿ, ಎಳೆಯೋದೂ ಬೇಡ," ಅಂದಳು. ಮಗಳು ಎರಡು ವಾರದಲ್ಲಿ ಮೊದಲ ಸಲ ನಕ್ಕಳು. ಅಪ್ಪ ನಗಲಿಲ್ಲ.

ಆಮೇಲೆ ಮಗಳಿಗೆ ಕ್ಯಾಮೆರಾದ ಮೇಲೆ ಕಣ್ಣು ಬಿತ್ತು. ಅಪ್ಪ ಕೆಲಸಕ್ಕೆ ಹೋಗಿದ್ದಾಗ ಸ್ಟೂಲು ಹತ್ತಿ, ಹೊದಿಕೆ ಸರಿಸಿ, ಕ್ಯಾಮೆರಾದ ಡಬ್ಬಿಯನ್ನೇ ಕೆಳಗಿಳಿಸಿ, ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಕ್ಯಾಮೆರಾ ಹಚ್ಚಿದಳು. ಟೈಲರಮ್ಮ ಯಾರದೋ ಕೋಟಿನ ಒಳಗಿನ ಅಸ್ತರು ಬಿಚ್ಚುತ್ತ ಕೂತಿದ್ದಳು.

"ಅಮ್ಮಾ! ಇಲ್ಲಿ ನೋಡು, ಡಬ್ಬಿ ಮೇಲೇ ಬರೆದಿದೆ. ಇದು ಅರವತ್ತು ಲಕ್ಷ ಚುಕ್ಕಿಯ ಕ್ಯಾಮೆರಾ! ನಲವತ್ತು ಕೇಳಿದ್ರೆ ಅರವತ್ತು ಕೊಡೋ ಅಂಥದ್ದು!"

"ಮತ್ತೆ ಚಿತ್ರ ಯಾಕೆ ಚಿಕ್ಕದಾಗಿ ಬಂತು?"

"ಒಳಗೆ ಸೈಜು ಅಂತ ಇರುತ್ತೆ. ದೊಡ್ಡದು, ಮಧ್ಯದ್ದು, ಚಿಕ್ಕದು. ಯಾರೋ ಇದನ್ನ ಚಿಕ್ಕದಕ್ಕೆ ಹಾಕಿಟ್ಟಿದಾರೆ. ನೋಡು, ಇಲ್ಲಿ ಮೂಲೆಯಲ್ಲಿ ಹಾವಿನ ಥರ ಒಂದು ಅಕ್ಷರ ಇದೆಯಲ್ಲ, ಅದೇ ಚಿಕ್ಕದರ ಗುರುತು. ಇಷ್ಟು ವರ್ಷ ಹೀಗೇ ಇದೆ!"

ಟೈಲರಮ್ಮ ಅಸ್ತರು ಬಿಚ್ಚುವುದನ್ನು ನಿಲ್ಲಿಸಿದಳು. ಆ ಯಾರೋ ಅವಳೇ.

ಕ್ಯಾಮೆರಾ ಕೊಂಡ ವರ್ಷದ ಮಾತು. ಆಗ ಚಿತ್ರ ತುಂಬಿಡುವ ಮೆಮೊರಿ ಕಾರ್ಡಿಗೆ ಚಿನ್ನದ ಬೆಲೆ, ಇದ್ದದ್ದು ಒಂದೇ. ಒಂದು ಮದುವೆಯಲ್ಲಿ ಕಾರ್ಯ ಅರ್ಧವಾಗುವಷ್ಟರಲ್ಲಿ ಕಾರ್ಡು ತುಂಬಿಹೋಯಿತು. ಮದುಮಗಳ ತಂದೆ ಇನ್ನೂರು ಜನರ ನಡುವೆ ಅವನ ಮಾನ ಹರಾಜು ಹಾಕಿದ. ಮನೆಗೆ ಬಂದವನು ಮೂರು ದಿನ ಗೋಡೆಗೆ ಮುಖ ಮಾಡಿ ಮಲಗಿದ. ನಾಲ್ಕನೆಯ ದಿನ ಅವನು ಸ್ನಾನಕ್ಕೆ ಹೋಗಿದ್ದಾಗ ಅವಳು ಕ್ಯಾಮೆರಾವನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು, ಅದನ್ನು ಮಾರಿದ ಅಂಗಡಿಗೇ ಹೋದಳು. "ಇದೇ ಕಾರ್ಡಿನಲ್ಲಿ ಇನ್ನಷ್ಟು ಚಿತ್ರ ಹಿಡಿಸೋ ಹಾಗೆ ಮಾಡಿಕೊಡಿ," ಎಂದು ಕೇಳಿದಳು. ಅಂಗಡಿಯವನು ಎರಡು ಗುಂಡಿ ಒತ್ತಿ, "ಎಂಬತ್ತು ಹಿಡಿಯುತ್ತಿದ್ದದ್ದು ಈಗ ಮುನ್ನೂರು ಹಿಡಿಯುತ್ತೆ ತಾಯಿ" ಅಂದ. ಒಂದು ಮೀಟರಿನ ಬಟ್ಟೆಯಲ್ಲಿ ನಾಲ್ಕು ಅಂಗಿ ಹೊಲಿದಷ್ಟು ಹೆಮ್ಮೆಯಾಗಿತ್ತು ಅವಳಿಗೆ. ತನ್ನ ಕ್ಯಾಮೆರಾ ಬೇರೆಯವರು ಮುಟ್ಟಿದರೆ ಗಂಡ ಸಿಡಿಯುತ್ತಾನೆಂದು ಯಾರಿಗೂ ಹೇಳಲಿಲ್ಲ. ಮುಂದಿನ ಮದುವೆಯಿಂದ ಬಂದವನು, "ಇವತ್ತು ಎಲ್ಲ ಸರಿಯಾಗಿ ಆಯ್ತು ಕಣೇ" ಅಂದಾಗ ಒಳಗೊಳಗೇ ನಕ್ಕು ಊಟ ಬಡಿಸಿದ್ದಳು.

ಯಾರ ಬಟ್ಟೆ ಹೊಲಿದರೂ ಹೊಲಿಗೆಯ ಒಳಗೆ ಒಂದಿಂಚು ಬಟ್ಟೆ ಬಿಡುವವಳು ಅವಳು. ಮೈ ಬೆಳೆದರೆ ಬಿಚ್ಚಿಕೊಳ್ಳಲಿ ಎಂದು. ಗಂಡನ ವಿಷಯದಲ್ಲಿ ಒಂದು ನೂಲೂ ಬಿಡದೆ ಕತ್ತರಿಸಿಬಿಟ್ಟೆನಲ್ಲ ಎನಿಸಿ ಅವಳಿಗೆ ಅಸ್ತರಿನ ಹೊಲಿಗೆ ಕಣ್ಣಿಗೆ ಕಾಣದಾಯಿತು.

"ಏನಮ್ಮಾ, ಮುಖ ಹಾಗೆ ಮಾಡಿಕೊಂಡೆ?"

"ಏನಿಲ್ಲ. ದಾರ ಸಿಕ್ಕಾಯ್ತು."

ಸಂಜೆಯ ಊಟದಲ್ಲಿ ಮಗಳು ಪತ್ತೇದಾರಿಕೆ ಶುರು ಮಾಡಿದಳು. ಹಳೆಯ ಸಿ.ಡಿ.ಗಳನ್ನೆಲ್ಲ ಹಾಕಿ ನೋಡಿದ್ದಳು. ಮೊದಲ ಐದು ತಿಂಗಳ ಚಿತ್ರಗಳು ದೊಡ್ಡವು. ಆಮೇಲಿನವು, ಹದಿನಾಲ್ಕು ವರ್ಷದವೂ, ಚಿಕ್ಕವು.

"ಹಾಗಾದ್ರೆ ಆ ಮೊದಲಿನವನ್ನೇ ಕಳಿಸಿ," ಅಂದಳು ಟೈಲರಮ್ಮ, ಮುಳುಗುವವಳಿಗೆ ಹಗ್ಗ ಸಿಕ್ಕಂತೆ.

"ಏನು ಕಳಿಸೋದು? ಅಪ್ಪ ಕ್ಯಾಮೆರಾ ಕಲೀತಿದ್ದ ದಿನಗಳವು. ಗೋಡೆ, ನಲ್ಲಿ, ಪಕ್ಕದ ಮನೆ ಬೆಕ್ಕಿನ ಬಾಲ. ಅಜ್ಜಿ ಬಾಯಿ ತೆರೆದು ನಿದ್ದೆ ಮಾಡ್ತಿರೋದು ಹನ್ನೊಂದು ಚಿತ್ರ ಇದೆ, ಒಂದೊಂದೂ ಅರವತ್ತು ಲಕ್ಷ ಚುಕ್ಕಿ!"

"ನೋಡಿದ್ಯಾ, ನಾನು ಹೇಳಲಿಲ್ವಾ ಅಳತೆಗೆ ಸರಿಯಾಗಿದೀನಿ ಅಂತ," ಅಂದಳು ಅಜ್ಜಿ.

ಮಗಳು ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಅವತ್ತು ಸೈಜು ಬದಲಾಯಿಸಿದ್ದು ಯಾಕೆ ನೀವು?"

ಅವನು ಮೊಟ್ಟೆಯ ಹಳದಿಯನ್ನು ಚಮಚದಿಂದ ಬಿಡಿಸುತ್ತಿದ್ದ. "ನೆನಪಿಲ್ಲ. ಕಾರ್ಡಿಗೆ ದುಡ್ಡು ಜಾಸ್ತಿ ಇತ್ತು ಆಗ."

"ಎರಡು ಮೂರು ವರ್ಷದಲ್ಲಿ ಬೆಲೆ ಬಿದ್ದುಹೋಯ್ತಲ್ಲ! ಆಮೇಲಾದ್ರೂ ಒಂದು ಸಲ ನೋಡಬಾರದಿತ್ತಾ? ಹದಿನಾಲ್ಕು ವರ್ಷ ಕೈಯಲ್ಲೇ ಹಿಡ್ಕೊಂಡು ಓಡಾಡಿದ ಕ್ಯಾಮೆರಾ ಯಾವ ಸೈಜಿನಲ್ಲಿದೆ ಅಂತ ಗೊತ್ತಿಲ್ಲ ಅಂದ್ರೆ ನೀವೆಂಥಾ ಫೋಟೋಗ್ರಾಫರು?"

ಈಗ ಹೇಳಬೇಕು ಎಂದು ಟೈಲರಮ್ಮ ಬಾಯಿ ತೆರೆದಳು. ತೆರೆದ ಬಾಯಿಗೆ ತುತ್ತೊಂದನ್ನು ಇಟ್ಟುಕೊಂಡು ಮುಚ್ಚಿದಳು. ಗಂಡ ತಿರುಗಿ ತನ್ನನ್ನು ನೋಡುವ ನೋಟವೊಂದನ್ನು ಅವಳು ಆಗಲೇ ಕಲ್ಪಿಸಿಕೊಂಡು ಹೆದರಿದ್ದಳು. ಅವನು ಎದ್ದು, ತಟ್ಟೆಯನ್ನು ತಾನೇ ತೊಳೆದಿಟ್ಟು, ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತ.

"ನಾಲಗೆಗೆ ಎಲುಬಿಲ್ಲ ಅಂತ ಹೀಗಾ ಆಡೋದು?" ಅಜ್ಜಿ ಮೊಮ್ಮಗಳನ್ನು ತರಾಟೆಗೆ ತೆಗೆದುಕೊಂಡಳು. "ನಿನ್ನ ಫೀಸು, ನಿನ್ನ ಪುಸ್ತಕ, ನಿನ್ನ ಹಲ್ಲಿನ ತಂತಿ, ಎಲ್ಲ ಬಂದದ್ದು ಅದೇ ಕ್ಯಾಮೆರಾದಿಂದ. ಎಂಥಾ ಫೋಟೋಗ್ರಾಫರು ಅಂತೆ!"

"ನಾನು ಅವರಿಗೋಸ್ಕರ ಅಲ್ವಾ ಅಜ್ಜಿ ಇಷ್ಟೆಲ್ಲ ಮಾಡ್ತಿರೋದು?" ಮಗಳ ಕಣ್ಣು ತುಂಬಿತ್ತು. "ಎಷ್ಟು ಚೆನ್ನಾಗಿವೆ ಗೊತ್ತಾ ಆ ಚಿತ್ರಗಳು? ಡಾಕ್ಟರಿಗೆ ತೋರಿಸಿದೆ. ಅವರು ಕುರ್ಚಿಯಲ್ಲಿ ರೋಗಿಯನ್ನ ಬಿಟ್ಟು ಬಂದು ನೋಡಿದರು. ಒಂದು ವರ್ಷದ್ದು, ಒಂದೇ ವರ್ಷದ್ದು ದೊಡ್ಡದಾಗಿ ಇದ್ದಿದ್ರೂ ಸಾಕಾಗಿತ್ತು."

ಟೈಲರಮ್ಮ ಪಾತ್ರೆ ಉಜ್ಜುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಸೈಜಿನ ಗುಂಡಿ ಒತ್ತಿಸಿದ್ದು ಅರಿಯದೆ ಮಾಡಿದ ತಪ್ಪು. ಇವತ್ತು ಬಾಯಿ ಮುಚ್ಚಿ ಕೂತದ್ದು ಅರಿತೇ ಮಾಡಿದ್ದು. ಎರಡನೆಯದು ಅವಳನ್ನು ಹೆಚ್ಚು ಸುಟ್ಟಿತು.

ಮುಂದಿನ ಎರಡು ವಾರ ಅಪ್ಪ ಮಗಳ ನಡುವೆ ಮಾತು ಅಜ್ಜಿಯ ಮೂಲಕ ಓಡಾಡಿತು. "ಉಪ್ಪು ಬೇಕಂತೆ ನಿನ್ನ ಮಗಳಿಗೆ." "ಅಲ್ಲೇ ಇದೆ ಅನ್ನು." ಟೈಲರಮ್ಮನ ಮನಸ್ಸು ಕೆಲಸದಲ್ಲಿ ನಿಲ್ಲಲಿಲ್ಲ. ಶಾಲೆಯ ಹುಡುಗಿಯೊಬ್ಬಳ ಲಂಗವನ್ನು ಎರಡಂಗುಲ ತಪ್ಪಾಗಿ ಕತ್ತರಿಸಿ, ಹೊಸ ಬಟ್ಟೆ ತಂದು ಹೊಲಿದುಕೊಟ್ಟಳು. ಮೂವತ್ತು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು.

ಒಂದು ಮಧ್ಯಾಹ್ನ ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತ, ಮುಖ ಕಾಣದ ಧೈರ್ಯದಲ್ಲಿ, ಎಲ್ಲವನ್ನೂ ಹೇಳಿಬಿಟ್ಟಳು.

ಅತ್ತೆ ಅವಳ ಕೈ ಹಿಡಿದು ನಿಲ್ಲಿಸಿದಳು. "ನನ್ನ ತಲೆ ಮೇಲೆ ಎಣ್ಣೆ ಸುರೀಬೇಡ, ಸಾಕು," ಎಂದಳು. ಆಮೇಲೆ, "ಅವನಿಗೆ ಹೇಳಿದ್ಯಾ?"

"ಇಲ್ಲ."

"ಹೇಳು."

"ಏನಂದುಕೊಳ್ತಾರೋ ಅಂತ..."

"ಬೈತಾನೆ, ಬೈಸಿಕೋ. ನಿನ್ನ ತಪ್ಪನ್ನ ಅವನು ಊಟದ ತಟ್ಟೆ ಮುಂದೆ ಹೊತ್ತುಕೊಂಡು ಕೂರೋದು ಯಾವ ನ್ಯಾಯ? ಆ ಹುಡುಗಿ ಅಪ್ಪನನ್ನ ದಡ್ಡ ಅಂದ್ಕೊಂಡಿದೆ. ಅದು ಅವನಿಗೆ ಅಳತೆಗಿಂತ ಹೆಚ್ಚು ಚುಚ್ಚಿದೆ, ನಾನು ಹೆತ್ತವಳು, ನನಗೆ ಗೊತ್ತು."

ಹೇಳುವೆನೆಂದು ಟೈಲರಮ್ಮ ತಲೆಯಾಡಿಸಿದಳು. ಆದರೆ ಆ ವಾರವೂ ಹೇಳಲಿಲ್ಲ.

ಕೊನೆಗೆ ಮಗಳೇ ಸೋತಳು. ಒಂದು ಬೆಳಗ್ಗೆ ಅಪ್ಪನ ಚಹಾದ ಲೋಟದ ಪಕ್ಕದಲ್ಲಿ ಕ್ಯಾಮೆರಾ ಇಟ್ಟು, "ಬ್ಯಾಟರಿ ಹೊಸದು ಹಾಕಿಸಿದೀನಿ, ದೊಡ್ಡ ಸೈಜಿಗೆ ಇಟ್ಟಿದೀನಿ. ಹಳೇದು ಹೋದರೆ ಹೋಗಲಿ, ಮತ್ತೆ ತೆಗೀರಿ. ಅವತ್ತು ಅಂದದ್ದು ತಪ್ಪಾಯ್ತು ಅಪ್ಪಾ" ಅಂದಳು. ಅವನು ಲೋಟ ಪಕ್ಕಕ್ಕೆ ಸರಿಸಿದ. ಕ್ಯಾಮೆರಾವನ್ನು ಎತ್ತಿಕೊಂಡು ಕನ್ನಡಿಯ ಹಾಗಿದ್ದ ಅದರ ಕಣ್ಣನ್ನು ಅಂಗಿಯ ತುದಿಯಿಂದ ಒರೆಸಿದ. ಇನ್ನು ಕೆಲವೇ ಕ್ಷಣದಲ್ಲಿ ಅತ್ತುಬಿಡುತ್ತಾನೆ ಎನಿಸಿ ಎಲ್ಲರೂ ಬೇರೆ ಬೇರೆ ಕಡೆ ನೋಡಿದರು.

ಭಾನುವಾರ ಅವನು ಹೊರಟಾಗ, "ನಾನೂ ಬರ್ತೀನಿ ರೀ" ಅಂದಳು ಟೈಲರಮ್ಮ. ಅವನು ಬೆರಗಾಗಿ ನೋಡಿದ. ಹದಿನಾಲ್ಕು ವರ್ಷದಲ್ಲಿ ಅವಳು ಒಂದು ದಿನವೂ ಜೊತೆಗೆ ಬಂದವಳಲ್ಲ. ಬೆಳಗಿನ ಆ ಹೊತ್ತಿಗೆ ಅವಳಿಗೆ ನೀರು ತುಂಬಿಸುವ, ಬುತ್ತಿ ಕಟ್ಟುವ ಗಡಿಬಿಡಿ ಇರುತ್ತಿತ್ತು.

ಬೀದಿಗಳು ಅವೇ, ಒಳಗಿನ ಜನ ಅವರಲ್ಲ. ವೆಲ್ಡಿಂಗ್ ಅಂಗಡಿಯಿದ್ದಲ್ಲಿ ಫೋನಿನ ಕವರು ಮಾರುತ್ತಿದ್ದರು. ಕೊಡೆ ರಿಪೇರಿಯವನು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕೊಡೆ ಮುರಿದರೆ ಜನ ಈಗ ಹೊಸದು ಕೊಳ್ಳುತ್ತಾರೆ ಎಂದ ಪಕ್ಕದವನು. ಬ್ರೆಡ್ಡಿನವನ ಒಲೆ ಹೋಗಿ ಕರೆಂಟಿನ ಪೆಟ್ಟಿಗೆ ಬಂದಿತ್ತು, ಒಳಗೆ ಕೈ ಹಾಕುವವರಿಲ್ಲ. ಕಲ್ಲು ಕೆತ್ತುವ ಹೆಂಗಸಿನ ಜಾಗದಲ್ಲಿ ಕಾರುಗಳು ನಿಂತಿದ್ದವು. ಪ್ರತಿ ತಿರುವಿನಲ್ಲೂ ಅವನು, "ಇಲ್ಲಿ ಒಬ್ಬನಿದ್ದ" ಎಂದು ನಿಲ್ಲುತ್ತಿದ್ದ. ಅವಳು ಒಂದೊಂದು ಸಲವೂ ಇದನ್ನು ಕಿತ್ತುಕೊಂಡವಳು ನಾನು, ಇದನ್ನೂ ನಾನು ಎಂದುಕೊಳ್ಳುತ್ತ ನಿಂತಳು.

ಕಡೆಗೆ ಹಳೆಯ ಓಣಿಯೊಂದರಲ್ಲಿ ಪುಸ್ತಕಕ್ಕೆ ರಟ್ಟು ಹಾಕುವ ಮುದುಕ ಸಿಕ್ಕ. ಸೂಜಿಯಿಂದ ಹಾಳೆಗಳ ಕಟ್ಟು ಹೊಲಿಯುತ್ತಿದ್ದ. "ಓಹೋ, ಫೋಟೋದವರು! ಬದುಕಿದೀರಾ?" ಅಂದ. "ಮುಂದಿನ ವಾರ ಅಂಗಡಿ ಬಿಟ್ಟು ಮಗಳ ಮನೆಗೆ ಹೋಗ್ತಿದೀನಿ. ಕೈ ನೋಡಿ, ಸೂಜಿ ನಿಲ್ಲಲ್ಲ. ಇವತ್ತು ಇದೊಂದು ಕಟ್ಟು ಮುಗಿಸಿದರೆ ಆಯ್ತು, ಇನ್ನು ಸೂಜಿ ಮುಟ್ಟಲ್ಲ."

ಅವನು ಕ್ಯಾಮೆರಾ ಎತ್ತಿದ. ಸೊಂಟದ ಬಳಿಯೇ ಹೆಬ್ಬೆರಳು ಏನೋ ಒತ್ತಿತು, ಏನೋ ತಿರುಗಿಸಿತು. ಮಂಡಿಯೂರಿ, ಉಸಿರು ಹಿಡಿದು, ಅರ್ಧ ಗಂಟೆ ಆ ಕೈಗಳನ್ನು ತೆಗೆದ. ಕೆಲಸ ಮಾಡುವ ಗಂಡನನ್ನು ಟೈಲರಮ್ಮ ಹತ್ತಿರದಿಂದ ನೋಡಿದ್ದು ಅವತ್ತೇ. ದಾರ ಮುಗಿದು, ಗಂಟು ಬಿದ್ದು, ಮುದುಕ ಸೂಜಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಿದ.

ವಾಪಸು ಬರುವಾಗ ಓಣಿಯ ತುದಿಯ ಕಟ್ಟೆಯ ಮೇಲೆ ಇಬ್ಬರೂ ಕೂತರು. ಇನ್ನು ತಡೆಯಲು ಅವಳಿಂದಾಗಲಿಲ್ಲ.

"ರೀ, ಆ ಸೈಜು ಬದಲಾಯಿಸಿದ್ದು ನೀವಲ್ಲ. ನಾನು. ಆ ಮದುವೆ ಆದ ಮೇಲೆ, ನೀವು ಸ್ನಾನಕ್ಕೆ ಹೋಗಿದ್ದಾಗ ಕ್ಯಾಮೆರಾ ಅಂಗಡಿಗೆ ತಗೊಂಡು ಹೋಗಿ..."

"ಗೊತ್ತು," ಅಂದ ಅವನು.

"ಏನು ಗೊತ್ತು?"

"ಮಾರನೇ ದಿನವೇ ಗೊತ್ತಾಯ್ತು ಕಣೇ. ಕ್ಯಾಮೆರಾದ ಮೇಲೆ ಇನ್ನೆಷ್ಟು ಚಿತ್ರ ಹಿಡಿಯುತ್ತೆ ಅಂತ ನಂಬರ್ ತೋರಿಸುತ್ತೆ. ಎಂಬತ್ತು ಇದ್ದದ್ದು ಮುನ್ನೂರಾದ್ರೆ ಫೋಟೋದವನಿಗೆ ಕಾಣಲ್ವಾ? ಅಂಗಡಿಯವನೂ ಹೇಳಿದ, ನಿಮ್ಮ ಮನೆಯವರು ಬಂದಿದ್ರು ಅಂತ."

ಅವಳು ಅವನ ಕಡೆ ತಿರುಗಿ ಕೂತಳು. "ಮತ್ತೆ ಮುಂದಿನ ಮದುವೆ?"

"ಗೆಳೆಯನ ಹತ್ತಿರ ಎರಡು ಕಾರ್ಡು ಕೇಳಿ ತಂದಿದ್ದೆ. ಮದುವೆಗಳಿಗೆಲ್ಲ ದೊಡ್ಡದಕ್ಕೇ ಹಾಕ್ತಿದ್ದೆ, ದುಡ್ಡು ಕೊಟ್ಟವರು, ನಾಳೆ ಗೋಡೆಗೆ ಹಾಕಿಸಿಕೊಳ್ಳೋರು. ಅವನ್ನೆಲ್ಲ ಅವರಿಗೆ ಕೊಟ್ಟು ಅಳಿಸಿಹಾಕ್ತಿದ್ದೆ. ವಾಪಸು ಬಂದು ಮತ್ತೆ ಚಿಕ್ಕದಕ್ಕೆ ಇಡ್ತಿದ್ದೆ."

"ಯಾಕೆ? ಕಾರ್ಡು ಅಗ್ಗ ಆದ ಮೇಲೂ?"

ಅವನು ಕ್ಯಾಮೆರಾದ ಪಟ್ಟಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ಬೀದಿ ಸುತ್ತಿ ತೆಗೆದದ್ದು ನನ್ನ ಹುಚ್ಚಿಗೆ. ಯಾರು ನೋಡ್ತಾರೆ ಅದನ್ನ? ನನ್ನದಕ್ಕೆ ಇಷ್ಟು ಸಾಕು ಅನ್ಕೊಂಡೆ. ಪ್ರತಿ ಸಲ ಅನ್ಕೊಂಡೆ. ಈಗ ಮಗಳ ಮುಂದೆ ಇದನ್ನ ಹೇಗೆ ಹೇಳ್ಲಿ? ಮರೆತೆ ಅಂದ್ರೆ ದಡ್ಡ ಅಂತಾಳೆ, ಅನ್ನಲಿ."

ತಪ್ಪು ತನ್ನದೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳಿಗೆ ಆಗ ಅನಿಸಿತು. ಬೈಸಿಕೊಂಡು, ಅತ್ತು, ಮುಗಿಸಬಹುದಿತ್ತು. ಅವಳು ಒತ್ತಿಸಿದ್ದು ಒಂದು ಸಲ. ಅವನು ಹದಿನಾಲ್ಕು ವರ್ಷ ತಾನಾಗಿಯೇ ಒತ್ತಿಕೊಂಡು ಬಂದಿದ್ದ. ಅಷ್ಟೂ ವರ್ಷ ಅವನು ಬೆಳಗ್ಗೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅವಳು ಕೇಳಿದ್ದು ಹಾಲು ತಂದಿರಾ ಎಂದು, ತರಕಾರಿ ತಂದಿರಾ ಎಂದು. ಇವತ್ತು ಏನು ತೆಗೆದಿರಿ, ತೋರಿಸಿ ಎಂದು ಒಂದು ದಿನವೂ ಕೇಳಿರಲಿಲ್ಲ. ಆ ಮನೆಯ ಗೋಡೆಯ ಮೇಲೆ ಔಷಧಿ ಅಂಗಡಿಯ ಕ್ಯಾಲೆಂಡರಿತ್ತು, ಅವನು ತೆಗೆದ ಚಿತ್ರ ಒಂದೂ ಇರಲಿಲ್ಲ. ಒಂದೇ ಒಂದನ್ನು ದೊಡ್ಡದು ಮಾಡಿಸಿ ಹಾಕೋಣ ರೀ ಎಂದು ಅವಳು ಅಂದಿದ್ದರೆ, ಅವತ್ತೇ ಅವನು ಆ ಗುಂಡಿಯನ್ನು ತಿರುಗಿಸುತ್ತಿದ್ದ. ಅದು ಅವಳಿಗೆ ಈಗ ಸ್ಪಷ್ಟವಾಗಿ ಗೊತ್ತಿತ್ತು.

"ತೋರಿಸಿ," ಅಂದಳು. "ಇವತ್ತು ತೆಗೆದದ್ದು ತೋರಿಸಿ."

ಅವನು ಅಂಗೈಯಿಂದ ಬಿಸಿಲಿಗೆ ಮರೆ ಹಿಡಿದು ಕ್ಯಾಮೆರಾದ ಬೆನ್ನನ್ನು ಅವಳ ಕಡೆ ತಿರುಗಿಸಿದ. ಮುದುಕನ ಎರಡು ಕೈಗಳು, ನಡುವೆ ಬಿಗಿದು ನಿಂತ ಬಿಳಿ ದಾರ, ದಾರದ ನೆರಳು ಹಾಳೆಯ ಮೇಲೆ. ಸೂಜಿ ಹಿಡಿದೇ ಬದುಕಿದವಳಿಗೆ ಆ ಬೆರಳುಗಳ ನೋವು ತನ್ನ ಬೆರಳಿಗೆ ಬಂದಂತಾಯಿತು. ಇಂಥ ಚಿತ್ರಗಳನ್ನು ತೆಗೆಯುವವನ ಜೊತೆ ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೆನಲ್ಲ ಎಂದು ನಾಚಿಕೆಯಾಯಿತು.

"ಎಷ್ಟು ಚೆನ್ನಾಗಿದೆ ರೀ."

ಅವನು ಚಿತ್ರ ಬಿಟ್ಟು ತೆರೆಯ ಮೂಲೆಯನ್ನು ನೋಡುತ್ತಿದ್ದ. ಅವಳೂ ನೋಡಿದಳು. ಅಲ್ಲಿ ಹಾವಿನ ಹಾಗೆ ಸುತ್ತಿಕೊಂಡ ಅಕ್ಷರವಿತ್ತು.

"ಮಗಳು ದೊಡ್ಡದಕ್ಕೆ ಇಟ್ಟಿದ್ದಳಲ್ಲ?"

"ಇಟ್ಟಿದ್ದಳು," ಅಂದ. ತನ್ನ ಹೆಬ್ಬೆರಳನ್ನೇ ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿಕೊಂಡ. "ಓಣಿಗೆ ಬಂದ ಕೂಡಲೇ ನಾನೇ ಒತ್ತಿರಬೇಕು. ಗೊತ್ತೇ ಆಗಲಿಲ್ಲ."

"ಏಳಿ, ಇನ್ನೂ ಅಂಗಡಿಯಲ್ಲೇ ಇರ್ತಾನೆ. ಇನ್ನೊಂದು ಕಟ್ಟು ಹೊಲಿ ಅನ್ನೋಣ."

"ಪಾಪ, ಬೇಡ. ಕಡೇದು ಅಂತ ಮುಗಿಸಿದಾನೆ. ನನಗೋಸ್ಕರ ಮತ್ತೆ ಸೂಜಿ ಹಿಡಿ ಅಂತ ಹೇಗೆ ಕೇಳೋದು?" ಅವನು ಕ್ಯಾಮೆರಾ ಆರಿಸಿ ಚೀಲಕ್ಕೆ ಹಾಕಿದ. "ನೀನು ನೋಡಿದೆಯಲ್ಲ, ಸಾಕು ಬಿಡು."

ಅವನು ಆ 'ಸಾಕು' ಎಂಬ ಮಾತನ್ನು ನಗುತ್ತಲೇ ಅಂದ. ಟೈಲರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕಟ್ಟೆಯ ಮೇಲೆ, ದಾರಿಯಲ್ಲಿ ಹೋಗುವವರೆಲ್ಲ ತಿರುಗಿ ನೋಡುವ ಹಾಗೆ ಅತ್ತಳು.